ಎಕ್ಸ್-ರೇ ಸರಿಯಿದೆ, ಮಣಿಕಟ್ಟು ಮಾತ್ರ ಇನ್ನೂ ನೋಯುತ್ತಿದೆ

ಪ್ರಶ್ನೆ: ನನಗೆ 26 ವರ್ಷ, ಗ್ಯಾರೇಜಿನಲ್ಲಿ ಕೆಲಸ. ಮೂರು ವಾರದ ಹಿಂದೆ ಮಳೆಯಲ್ಲಿ ಬೈಕು ಜಾರಿ ಬಿದ್ದಾಗ ಬಲಗೈ ಊರಿದೆ. ಅಂದೇ ಎಕ್ಸ್-ರೇ ತೆಗೆಸಿದರು. ಮೂಳೆ ಮುರಿದಿಲ್ಲ, ಬರೀ ಉಳುಕು ಎಂದು ಕ್ರೇಪ್ ಬ್ಯಾಂಡೇಜು ಸುತ್ತಿ, ಮಾತ್ರೆ ಕೊಟ್ಟು ಕಳಿಸಿದರು. ಊತ ಇಳಿದಿದೆ. ಆದರೆ ಸ್ಪ್ಯಾನರ್ ತಿರುವುವಾಗ, ನೆಲಕ್ಕೆ ಕೈಯೂರಿ ಏಳುವಾಗ ಹೆಬ್ಬೆರಳ ಬುಡದ ಹತ್ತಿರ ಚುಳ್ಳೆನ್ನುತ್ತದೆ. ಎಣ್ಣೆ ಹಾಕಿ ನೀವಿಸಿ ನಾಟಿ ಕಟ್ಟು ಹಾಕಿಸಿಕೋ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಎಕ್ಸ್-ರೇಯಲ್ಲಿ ಕಾಣದ ಮುರಿತ ಇರುತ್ತದೆಯೇ? ಈಗ ಏನು ಮಾಡಲಿ?

ಉತ್ತರ: ಇರುತ್ತದೆ. ನಿಮ್ಮ ವಯಸ್ಸು, ಬಿದ್ದ ರೀತಿ, ನೋವಿನ ಜಾಗ ಮೂರನ್ನೂ ಸೇರಿಸಿ ನೋಡಿದರೆ ಮೊದಲು ಅನುಮಾನ ಪಡಬೇಕಾದದ್ದು ಸ್ಕೇಫಾಯ್ಡ್ ಎಂಬ ಮೂಳೆಯ ಮೇಲೆ. ಅದು ಮುರಿದೇ ಇದೆ ಎಂದು ಕೈ ನೋಡದೆ ಹೇಳಲಾಗದು. ಆದರೆ ಮುರಿದಿಲ್ಲ ಎಂದು ಖಚಿತವಾಗುವವರೆಗೆ ಮುರಿದಿದೆ ಎಂದೇ ನಡೆದುಕೊಳ್ಳುವುದು ಈ ಮೂಳೆಯ ಮಟ್ಟಿಗೆ ಎಲ್ಲೆಡೆ ಪಾಲಿಸುವ ನಿಯಮ. ಹಾಗಾಗಿ ಇಂದೇ ಮೆಡಿಕಲ್ ಶಾಪಿನಿಂದ ಹೆಬ್ಬೆರಳೂ ಸೇರುವಂಥ, ಒಳಗೆ ಗಟ್ಟಿ ಪಟ್ಟಿಯಿರುವ ಮಣಿಕಟ್ಟಿನ ಸ್ಪ್ಲಿಂಟ್ ತಂದು ಹಾಕಿಕೊಳ್ಳಿ. ಕ್ರೇಪ್ ಬ್ಯಾಂಡೇಜು ಊತ ತಡೆಯುತ್ತದೆಯೇ ಹೊರತು ಮೂಳೆಯನ್ನು ಅಲುಗಾಡದಂತೆ ಹಿಡಿಯುವುದಿಲ್ಲ. ಸ್ಪ್ಯಾನರ್ ಕೆಳಗಿಡಿ, ಈ ವಾರವೇ ಮೂಳೆ ತಜ್ಞರನ್ನು ಕಾಣಿ. ನೀವಿಸುವುದು ಬೇಡ.

ಮಣಿಕಟ್ಟಿನಲ್ಲಿ ಎಂಟು ಚಿಕ್ಕ ಮೂಳೆಗಳು ಎರಡು ಸಾಲಾಗಿ ಕೂತಿವೆ. ಮುಂಗೈ ಕಡೆಯ ಸಾಲಿನಲ್ಲಿ ಹೆಬ್ಬೆರಳ ಬದಿಯಿಂದ ಸ್ಕೇಫಾಯ್ಡ್, ಲ್ಯೂನೇಟ್, ಟ್ರೈಕ್ವೆಟ್ರಮ್, ಪಿಸಿಫಾರ್ಮ್. ಬೆರಳುಗಳ ಕಡೆಯ ಸಾಲಿನಲ್ಲಿ ಟ್ರೆಪೀಜಿಯಂ, ಟ್ರೆಪಿಜಾಯ್ಡ್, ಕ್ಯಾಪಿಟೇಟ್, ಹ್ಯಾಮೇಟ್. ಮಿಕ್ಕ ಏಳೂ ತಮ್ಮ ತಮ್ಮ ಸಾಲಿನಲ್ಲಿ ಇರುತ್ತವೆ. ಸ್ಕೇಫಾಯ್ಡ್ ಮಾತ್ರ ಮೊದಲ ಸಾಲಿನಲ್ಲಿ ಹುಟ್ಟಿ ಎರಡನೇ ಸಾಲಿನವರೆಗೂ ಓರೆಯಾಗಿ ಚಾಚಿಕೊಂಡಿದೆ. ಸುಮಾರು ಮೂರು ಸೆಂಟಿಮೀಟರ್ ಉದ್ದ, ನಡುವಿನಲ್ಲಿ ಸಣ್ಣಗಾಗಿ ಬಾಗಿದ ಆಕಾರ. ಎರಡೂ ಸಾಲುಗಳು ಒಂದಕ್ಕೊಂದು ಹೊಂದಿಕೊಂಡು ಚಲಿಸುವಂತೆ ನೋಡಿಕೊಳ್ಳುವ ಕೆಲಸ ಇದರದ್ದು. ಪೆಟ್ಟು ಮೊದಲು ತಿನ್ನುವುದೂ ಇದೇ: ಮಣಿಕಟ್ಟಿನ ಎಂಟರಲ್ಲಿ ಆಗುವ ಮುರಿತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಕೇಫಾಯ್ಡಿನವು.

ಅಂಗೈ ಊರಿ ಬಿದ್ದಾಗ ಕೈ ಹಿಂದಕ್ಕೆ 90 ಡಿಗ್ರಿಗೂ ಮೀರಿ ಬಾಗುತ್ತದೆ. ಸ್ಕೇಫಾಯ್ಡಿನ ಮುಂಗೈ ಕಡೆಯ ಅರ್ಧ, ಮುಂಗೈಯಲ್ಲಿ ಹೆಬ್ಬೆರಳ ಬದಿಗಿರುವ ರೇಡಿಯಸ್ ಮೂಳೆಯ ಅಂಚಿಗೂ ಅದರ ಮುಂಭಾಗದ ಗಟ್ಟಿ ಕಟ್ಟುನಾರಿಗೂ (ಲಿಗಮೆಂಟ್) ಸಿಕ್ಕಿ ಅಲ್ಲೇ ಹಿಡಿದುಕೊಳ್ಳುತ್ತದೆ. ಬೆರಳ ಕಡೆಯ ಅರ್ಧವನ್ನು ಎರಡನೇ ಸಾಲು ಹಿಂದಕ್ಕೆ ಎಳೆಯುತ್ತದೆ. ನಡು ತಡೆಯದೆ ಬಿರಿಯುತ್ತದೆ. ಇದೇ ಥರ ಬಿದ್ದ ಹತ್ತು ವರ್ಷದ ಹುಡುಗನಿಗೆ ರೇಡಿಯಸ್ಸಿನ ಬೆಳವಣಿಗೆಯ ಪಟ್ಟಿ ಜರುಗುತ್ತದೆ, ಮೂಳೆ ಸವೆದ ಅರವತ್ತೈದರ ಅಜ್ಜಿಗೆ ರೇಡಿಯಸ್ಸಿನ ತುದಿಯೇ ಮುರಿಯುತ್ತದೆ. ರೇಡಿಯಸ್ ಗಟ್ಟಿಯಿರುವ ಹದಿಹರೆಯದಿಂದ ನಲವತ್ತರವರೆಗಿನವರಲ್ಲಿ, ಅದರಲ್ಲೂ ಗಂಡಸರಲ್ಲಿ, ಆ ಬಲವೆಲ್ಲ ಸ್ಕೇಫಾಯ್ಡಿಗೆ ಬಂದು ನಿಲ್ಲುತ್ತದೆ.

ಈಗ ಅದನ್ನು ನಿಮ್ಮ ಕೈಯಲ್ಲೇ ಹುಡುಕಿ. ಮೊದಲು ನೋವಿಲ್ಲದ ಎಡಗೈಯಲ್ಲಿ. ಕಿರುಬೆರಳ ಬದಿ ಮೇಜಿಗೆ ತಾಗುವಂತೆ ಕೈ ಇಟ್ಟು ಹೆಬ್ಬೆರಳನ್ನು ಹಿಂದಕ್ಕೆ ಚಾಚಿ. ಅದರ ಬುಡದಲ್ಲಿ ಎರಡು ಹುರಿ ಎದ್ದು ನಿಲ್ಲುತ್ತವೆ. ಕೈಯ ಬೆನ್ನಿನ ಕಡೆಯದು ಹೆಬ್ಬೆರಳ ತುದಿಗೆ ಹೋಗುವ ಉದ್ದನೆಯ ಸ್ನಾಯುರಜ್ಜು. ಅಂಗೈ ಕಡೆಯದು ನೋಡಲು ಒಂದೇ ಅನ್ನಿಸಿದರೂ ಅಂಟಿಕೊಂಡಿರುವ ಎರಡು ರಜ್ಜುಗಳು. ಇವುಗಳ ನಡುವಿನ ಕುಳಿಯಲ್ಲಿ ಹಿಂದೆ ನಶ್ಯ ಇಟ್ಟುಕೊಂಡು ಏರಿಸುತ್ತಿದ್ದರು, ಅಂಗರಚನಾ ಪುಸ್ತಕಗಳಲ್ಲೂ ಅದಕ್ಕೆ ನಶ್ಯದ ಡಬ್ಬಿ ಎಂಬ ಅರ್ಥದ ಹೆಸರೇ ಇದೆ. ಕುಳಿಯ ಮುಂಗೈ ಕಡೆಯ ತುದಿಯಲ್ಲಿ ಬೆರಳಿಗೆ ಸಿಗುವ ಗಟ್ಟಿ ಮೂಳೆ ರೇಡಿಯಸ್ಸಿನ ಮೊನೆ. ಅಲ್ಲಿಂದ ಹೆಬ್ಬೆರಳ ಕಡೆಗೆ ಬೆರಳು ಸರಿಸಿದರೆ ತಕ್ಷಣ ಸಿಗುವ ನೆಲ ಸ್ಕೇಫಾಯ್ಡ್, ಅದರಾಚೆಗೆ ಟ್ರೆಪೀಜಿಯಂ. ಕುಳಿಯ ಆಳದಲ್ಲಿ ತುಡಿಯುವುದು ರೇಡಿಯಲ್ ಅಪಧಮನಿ, ವೈದ್ಯರು ನಾಡಿ ನೋಡುವ ರಕ್ತನಾಳವೇ ಇಲ್ಲಿಗೆ ಸುತ್ತಿ ಬಂದಿರುತ್ತದೆ.

ಕುಳಿಯಲ್ಲಿ ಬೆರಳಿಟ್ಟುಕೊಂಡೇ ಮಣಿಕಟ್ಟನ್ನು ಕಿರುಬೆರಳ ಕಡೆಗೆ ವಾಲಿಸಿ. ಸ್ಕೇಫಾಯ್ಡ್ ನೇರವಾಗಿ ಬೆರಳಿಗೆ ಒತ್ತಿಕೊಳ್ಳುತ್ತದೆ. ಒತ್ತಿ ನೋಡಬೇಕಾದದ್ದು ಆ ಭಂಗಿಯಲ್ಲಿ. ಹೆಬ್ಬೆರಳ ಕಡೆ ವಾಲಿಸಿದರೆ ಅದು ಮುಂದಕ್ಕೆ ಮಗುಚಿ ಮರೆಯಾಗುತ್ತದೆ, ಆಗ ಅದರ ಇನ್ನೊಂದು ತುದಿ ಅಂಗೈ ಕಡೆ ಗಂಟಿನಂತೆ ಏಳುತ್ತದೆ. ಆ ಗಂಟು ಇರುವುದು ಮಣಿಕಟ್ಟಿನ ಅಂಗೈ ಬದಿಯ ಗೆರೆಯ ಮೇಲೆ, ಹೆಬ್ಬೆರಳ ದಿಂಡಿನ ಬುಡದಲ್ಲಿ.

ಈಗ ಬಲಗೈ. ಮೂರು ಪರೀಕ್ಷೆ: ಕುಳಿಯಲ್ಲಿ ಒತ್ತುವುದು, ಅಂಗೈ ಬದಿಯ ಗಂಟನ್ನು ಒತ್ತುವುದು, ಹೆಬ್ಬೆರಳನ್ನು ಹಿಡಿದು ಅದರ ಉದ್ದಕ್ಕೇ ಮಣಿಕಟ್ಟಿನ ಕಡೆಗೆ ಮೆಲ್ಲಗೆ ತಳ್ಳುವುದು. ಪ್ರತಿಯೊಂದನ್ನೂ ಎಡಗೈಗೆ ಹೋಲಿಸಿ. ಇದನ್ನು ಬಿಡುವ ಹಾಗಿಲ್ಲ, ಏಕೆಂದರೆ ಕುಳಿಯ ಚರ್ಮದಡಿ ಒಂದು ನರ ಹಾದುಹೋಗುತ್ತದೆ ಮತ್ತು ಜೋರಾಗಿ ಒತ್ತಿದರೆ ಗಟ್ಟಿಮುಟ್ಟಾದ ಕೈಯಲ್ಲೂ ಅಹಿತವೆನ್ನಿಸುತ್ತದೆ. ಬಲಗೈಯಲ್ಲಿ ನೋವು ಎದ್ದು ಕಾಣುವಷ್ಟು ಹೆಚ್ಚಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳಿ. ಬಿದ್ದ ಹೊಸದರಲ್ಲಿ ಈ ಮೂರರಲ್ಲೂ ನೋವಿಲ್ಲದಿದ್ದರೆ ಸ್ಕೇಫಾಯ್ಡ್ ಮುರಿತದ ಸಾಧ್ಯತೆ ತೀರಾ ಕಡಿಮೆ. ನೋವಿದ್ದ ಮಾತ್ರಕ್ಕೆ ಮುರಿದಿದೆ ಎಂದಲ್ಲ. ಮೂರು ವಾರದ ಮೇಲೆ ನೋವು ಕಡಿಮೆಯಾಗಿರುವುದರಿಂದ ಈ ಪರೀಕ್ಷೆಗಳ ಬಲವೂ ಕುಂದಿರುತ್ತದೆ. ಹಾಗಾಗಿ ಇದು ವೈದ್ಯರಿಗೆ ಜಾಗ ತೋರಿಸಲು ಸಾಕು, ನೀವೇ ತೀರ್ಮಾನ ಕೊಟ್ಟುಕೊಳ್ಳಲು ಸಾಲದು.

ಎಕ್ಸ್-ರೇ ಯಾಕೆ ತಪ್ಪಿಸಿತು? ತೆಗೆದವರ ಅಥವಾ ನೋಡಿದವರ ಅಜಾಗರೂಕತೆ ಎನ್ನುವಂತಿಲ್ಲ. ಮೊದಲ ದಿನದ ಎಕ್ಸ್-ರೇಯಲ್ಲಿ ಸ್ಕೇಫಾಯ್ಡ್ ಮುರಿತಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಕಾಣುವುದೇ ಇಲ್ಲ. ಮೂಳೆ ಓರೆಯಾಗಿ, ಬಾಗಿ ಕೂತಿರುವುದರಿಂದ ನೇರ ಚಿತ್ರದಲ್ಲಿ ಅದರ ಎರಡು ತುದಿಗಳು ಒಂದರ ಮೇಲೊಂದು ಬೀಳುತ್ತವೆ. ಮಗ್ಗುಲಿನಿಂದ ತೆಗೆದರೆ ಪಕ್ಕದ ಮೂಳೆಗಳು ಅಡ್ಡ ಬರುತ್ತವೆ. ಕೂದಲೆಳೆಯಷ್ಟಿರುವ ಬಿರುಕಿಗೆ ಕಿರಣ ಸರಿಯಾಗಿ ಸಮಾನಾಂತರವಾಗಿ ಹಾಯದಿದ್ದರೆ ಗೆರೆ ಮೂಡುವುದಿಲ್ಲ. ಅದಕ್ಕೇ ಮಾಮೂಲಿ ಎರಡು ಚಿತ್ರದ ಜೊತೆಗೆ ಓರೆ ಚಿತ್ರವೂ ಬೇಕು, ಮಣಿಕಟ್ಟನ್ನು ಕಿರುಬೆರಳ ಕಡೆ ವಾಲಿಸಿ ತೆಗೆಯುವ ಸ್ಕೇಫಾಯ್ಡ್ ವ್ಯೂ ಕೂಡ ಬೇಕು. ನಿಮ್ಮ ಹಳೆಯ ಫಿಲ್ಮಿನಲ್ಲಿ ಎಷ್ಟು ಚಿತ್ರಗಳಿವೆ ಎಂದು ನೋಡಿ. ಎರಡೇ ಇದ್ದರೆ ಸ್ಕೇಫಾಯ್ಡಿನ ಬಗ್ಗೆ ಅದು ಹೇಳುವುದು ಬಹಳ ಕಡಿಮೆ.

ಮೂರು ವಾರ ಕಳೆದಿರುವುದರಿಂದ ಒಂದು ಅನುಕೂಲವೂ ಉಂಟು. ಮುರಿದ ಅಂಚುಗಳನ್ನು ದೇಹ ಮೊದಲು ಸ್ವಲ್ಪ ಕರಗಿಸಿಕೊಳ್ಳುತ್ತದೆ, ಹಾಗಾಗಿ ಬಿರುಕು ಅಗಲವಾಗಿ ಹತ್ತು ಹದಿನಾಲ್ಕು ದಿನದ ಮೇಲೆ ತೆಗೆದ ಎಕ್ಸ್-ರೇಯಲ್ಲಿ ಎಷ್ಟೋ ಸಲ ಗೋಚರಿಸುತ್ತದೆ. ಅದಕ್ಕೇ ಅನುಮಾನವಿದ್ದವರಿಗೆ ಮೊದಲ ದಿನವೇ ಪಟ್ಟಿ ಹಾಕಿ ಎರಡು ವಾರಕ್ಕೆ ಮತ್ತೆ ಕರೆಸುವುದು ಹಳೆಯ ಪದ್ಧತಿ. ಈಗ ತಜ್ಞರು ಹೊಸದಾಗಿ ಸ್ಕೇಫಾಯ್ಡ್ ವ್ಯೂ ಸೇರಿಸಿ ಎಕ್ಸ್-ರೇ ತೆಗೆಸುತ್ತಾರೆ. ಅದೂ ಸ್ಪಷ್ಟವಿಲ್ಲದಿದ್ದರೆ ಎಂಆರ್‌ಐ. ಮೂಳೆಯೊಳಗಿನ ಊತವನ್ನೂ ಹಿಡಿಯುವ ಎಂಆರ್‌ಐ ಮುರಿತ ಇದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಎಲ್ಲಕ್ಕಿಂತ ಮೇಲು, ಕಟ್ಟುನಾರು ಹರಿದಿದ್ದರೂ ತೋರಿಸುತ್ತದೆ. ಮುರಿದಿದೆ ಎಂದು ಗೊತ್ತಾದ ಮೇಲೆ ತುಂಡುಗಳು ಎಷ್ಟು ಜರುಗಿವೆ ಎಂದು ಅಳೆಯಲು ಸಿಟಿ ಸ್ಕ್ಯಾನ್ ವಾಸಿ. ಅದನ್ನು ಸ್ಕೇಫಾಯ್ಡಿನ ಉದ್ದಕ್ಕೆ ಹೊಂದಿಸಿ ತೆಗೆಯಬೇಕು, ಸುಮ್ಮನೆ ಮಣಿಕಟ್ಟಿನ ಸಿಟಿ ಎಂದರೆ ಆ ಓರೆ ಮೂಳೆ ತುಂಡುತುಂಡಾಗಿ ಕಾಣುತ್ತದೆ. ಚೀಟಿಯಲ್ಲಿ ಸ್ಕೇಫಾಯ್ಡ್ ಎಂದು ಬರೆಸಿಕೊಂಡು ಹೋಗಿ.

ಒಂದು ಸಣ್ಣ ಮೂಳೆಗೆ ಇಷ್ಟೆಲ್ಲ ಯಾಕೆ ಎಂದರೆ, ಕಾರಣ ಅದರ ರಕ್ತಪೂರೈಕೆ. ಸ್ಕೇಫಾಯ್ಡಿನ ಮೈಯ ಸುಮಾರು ಮುಕ್ಕಾಲಿಗಿಂತ ಹೆಚ್ಚು ಭಾಗ ಮೃದ್ವಸ್ಥಿಯಿಂದ ಮುಚ್ಚಿದೆ. ಸುತ್ತಲೂ ಕೀಲುಗಳೇ ಇರುವುದರಿಂದ ರಕ್ತನಾಳ ಒಳಗೆ ಹೋಗಲು ಜಾಗವೇ ಕಡಿಮೆ. ಮುಖ್ಯ ನಾಳಗಳು ರೇಡಿಯಲ್ ಅಪಧಮನಿಯಿಂದ ಬಂದು ಮೂಳೆಯ ನಡುವಿಗೂ ಬೆರಳ ಕಡೆಯ ತುದಿಗೂ ಸಮೀಪ, ಬೆನ್ನಿನ ಮೇಲಿರುವ ಕಿರಿದಾದ ಏಣಿನಲ್ಲಿ ಒಳಹೊಕ್ಕು, ಅಲ್ಲಿಂದ ಹಿಂದಕ್ಕೆ, ಮುಂಗೈ ಕಡೆಗೆ ಹರಿಯುತ್ತವೆ. ಮೂಳೆಯ ನೂರಕ್ಕೆ ಎಪ್ಪತ್ತರಿಂದ ಎಂಬತ್ತು ಭಾಗಕ್ಕೆ ಇದೇ ದಾರಿ. ಮುಂಗೈ ಕಡೆಯ ತುದಿ ಬೀದಿಯ ನಲ್ಲಿ ಪೈಪಿನ ಕಟ್ಟಕಡೆಯ ಮನೆಯಿದ್ದಂತೆ: ನಡುವೆ ಪೈಪು ಒಡೆದರೆ ಅಲ್ಲಿಗೆ ಬೇರೆ ಕಡೆಯಿಂದ ನೀರಿಲ್ಲ. ಮುರಿತ ಆ ತುದಿಗೆ ಹತ್ತಿರವಾದಷ್ಟೂ ಕೂಡುವುದು ನಿಧಾನ, ಕೂಡದೇ ಉಳಿಯುವ ಅಪಾಯ ಹೆಚ್ಚು, ತುಂಡು ರಕ್ತವಿಲ್ಲದೆ ಸಾಯುವುದೂ ಉಂಟು.

ಇನ್ನೊಂದು ತೊಡಕಿದೆ. ತೊಡೆ ಮೂಳೆ, ಮುಂಗೈ ಮೂಳೆ ಮುರಿದರೆ ಸುತ್ತ ಹೊಸ ಮೂಳೆಯ ಗಂಟು ಬೆಳೆದು ಬೆಸೆಯುತ್ತದೆ. ಕೀಲಿನ ದ್ರವದಲ್ಲೇ ತೊಯ್ದಿರುವ ಸ್ಕೇಫಾಯ್ಡಿನಲ್ಲಿ ಆ ಗಂಟು ಕಟ್ಟುವುದಿಲ್ಲ. ಅಂಚಿಗೆ ಅಂಚು ನೇರವಾಗಿಯೇ ಕೂಡಬೇಕು, ಅದಕ್ಕೆ ತುಂಡುಗಳು ಅಲುಗಾಡದೆ ಇರಬೇಕು. ಪ್ರತಿದಿನ ನೀವಿ, ತಿರುಚಿ, ಕಟ್ಟು ಬಿಚ್ಚಿ ಕಟ್ಟುವುದು ಇದಕ್ಕೆ ನೇರ ವಿರುದ್ಧ. ನಾಟಿ ಕಟ್ಟಿನವರ ಕೈಚಳಕ ಎಷ್ಟೇ ಇದ್ದರೂ, ಹೊರಗಿನಿಂದ ಕೈಗೆ ಸಿಗದ, ಎಕ್ಸ್-ರೇಗೂ ಸುಲಭಕ್ಕೆ ಕಾಣದ ಮುರಿತದಲ್ಲಿ ತುಂಡುಗಳು ಎಲ್ಲಿವೆ ಎಂದು ಅವರಿಗೆ ತಿಳಿಯುವ ದಾರಿಯಿಲ್ಲ. ಕಟ್ಟು ಬಿಗಿಯಾದರೆ ಕೈಗೆ ರಕ್ತವೇ ನಿಂತುಹೋಗುವ ಅಪಾಯ ಬೇರೆ.

ಮುರಿತವಿದ್ದರೆ ಮುಂದೇನು ಎಂಬುದು ಎಲ್ಲಿ ಮುರಿದಿದೆ, ಎಷ್ಟು ಜರುಗಿದೆ ಎಂಬುದರ ಮೇಲಿದೆ. ಬೆರಳ ಕಡೆಯ ತುದಿಗೆ ರಕ್ತ ಚೆನ್ನಾಗಿರುವುದರಿಂದ ಅಲ್ಲಿನ ಬಿರುಕು ನಾಲ್ಕರಿಂದ ಆರು ವಾರದ ಪ್ಲಾಸ್ಟರಿಗೆ ಕೂಡುತ್ತದೆ. ನಡುವಿನ ಮುರಿತವೇ ಹೆಚ್ಚು ಕಾಣುವಂಥದ್ದು, ಸುಮಾರು ಮೂರರಲ್ಲಿ ಎರಡು ಪಾಲು. ಜರುಗದಿದ್ದರೆ ಪ್ಲಾಸ್ಟರಿನಲ್ಲಿ ಆರರಿಂದ ಹನ್ನೆರಡು ವಾರ. ಮುಂಗೈ ಕಡೆಯ ತುದಿ ಮುರಿದಿದ್ದರೆ ಪ್ಲಾಸ್ಟರನ್ನೇ ನಂಬಿದರೆ ಮೂರು ನಾಲ್ಕು ತಿಂಗಳು ಹಿಡಿಯಬಹುದು, ಆಗಲೂ ಖಾತ್ರಿಯಿಲ್ಲ. ಅದಕ್ಕೇ ಬಹುತೇಕ ಶಸ್ತ್ರವೈದ್ಯರು ಅಲ್ಲಿಗೆ ಮೊದಲೇ ಸ್ಕ್ರೂ ಹಾಕುತ್ತಾರೆ. ತುಂಡುಗಳು ಒಂದು ಮಿಲಿಮೀಟರಿಗಿಂತ ಹೆಚ್ಚು ಜರುಗಿದ್ದರೆ ಅಥವಾ ಮೂಳೆ ಗೂನಾಗಿ ಬಾಗಿದ್ದರೂ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ಆ ಸ್ಕ್ರೂ ಜಾಣ ವಸ್ತು, ನಿಮ್ಮ ಕಸುಬಿನವರಿಗೆ ಬೇಗ ಅರ್ಥವಾಗುತ್ತದೆ. ತಲೆಯಿಲ್ಲ, ಹಾಗಾಗಿ ಮೃದ್ವಸ್ಥಿಯ ಕೆಳಗೆ ಪೂರ್ತಿ ಹುದುಗುತ್ತದೆ, ಕೀಲಿಗೆ ತಗಲುವುದಿಲ್ಲ. ಎರಡು ತುದಿಯಲ್ಲೂ ಥ್ರೆಡ್ ಇದೆ, ಆದರೆ ಪಿಚ್, ಅಂದರೆ ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರ, ಬೇರೆ ಬೇರೆ. ಮುಂದಿನ ತುದಿಯ ಪಿಚ್ ದೊಡ್ಡದಾದ್ದರಿಂದ ಒಂದು ಸುತ್ತಿಗೆ ಮುಂದಿನ ತುಂಡಿನೊಳಗೆ ಹೆಚ್ಚು ದೂರ ನಡೆಯುತ್ತದೆ, ಹಿಂದಿನ ತುಂಡಿನೊಳಗೆ ಕಡಿಮೆ. ತಿರುಗಿಸಿದಂತೆಲ್ಲ ತುಂಡುಗಳು ಒಂದಕ್ಕೊಂದು ಬಿಗಿಯುತ್ತವೆ. ಆಸ್ಟ್ರೇಲಿಯಾದ ಟಿಮೊತಿ ಹರ್ಬರ್ಟ್ 1984ರಲ್ಲಿ ಪ್ರಕಟಿಸಿದ ಈ ವಿನ್ಯಾಸದ ಸುಧಾರಿತ ರೂಪಗಳೇ ಇಂದೂ ಬಳಕೆಯಲ್ಲಿವೆ.

ಹಾಗಂತ ಎಲ್ಲರಿಗೂ ಮೊದಲೇ ಸ್ಕ್ರೂ ಹಾಕಿಸಿಬಿಟ್ಟರೆ ಒಳ್ಳೆಯದೇ? ಇಂಗ್ಲೆಂಡ್ ಮತ್ತು ವೇಲ್ಸಿನ 31 ಆಸ್ಪತ್ರೆಗಳಲ್ಲಿ 439 ವಯಸ್ಕರ ಮೇಲೆ ನಡೆದು 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಈ ಪ್ರಶ್ನೆಯನ್ನೇ ಕೇಳಿತು. ನಡುವಿನ ಮುರಿತ ಎರಡು ಮಿಲಿಮೀಟರಿನವರೆಗೆ ಜರುಗಿದ್ದವರಲ್ಲಿ ಅರ್ಧದಷ್ಟು ಜನಕ್ಕೆ ಕೂಡಲೇ ಸ್ಕ್ರೂ ಹಾಕಿದರು. ಮಿಕ್ಕವರಿಗೆ ಪ್ಲಾಸ್ಟರ್ ಹಾಕಿ, ಕೂಡದಿದ್ದರೆ ಮಾತ್ರ ಸ್ಕ್ರೂ. ಒಂದು ವರ್ಷದ ಮೇಲೆ ನೋವಿನಲ್ಲಾಗಲಿ ಕೈಯ ಬಳಕೆಯಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನನ್ನ ಅಭಿಪ್ರಾಯವೂ ಅದೇ: ಜರುಗದ ನಡುವಿನ ಮುರಿತಕ್ಕೆ ಮೊದಲು ಪ್ಲಾಸ್ಟರ್. ಆದರೆ ಆ ಪದ್ಧತಿ ಹೊಂದುವುದು ವೇಳೆಗೆ ಸರಿಯಾಗಿ ಸ್ಕ್ಯಾನ್ ಮಾಡಿಸಿ, ಕೂಡದಿದ್ದರೆ ತಡಮಾಡದೆ ಸ್ಕ್ರೂ ಹಾಕಿಸಿಕೊಳ್ಳುವವರಿಗೆ. ಮಧ್ಯದಲ್ಲಿ ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟುಬಿಡುವವರಿಗೆ ಅಲ್ಲ.

ನಿಮ್ಮ ವಿಷಯದಲ್ಲಿ ಈ ಮೂರು ವಾರಕ್ಕೆ ಬೆಲೆ ಇದೆ. ಮೊದಲ ನಾಲ್ಕು ವಾರದೊಳಗೆ ಅಲುಗಾಡದಂತೆ ಹಿಡಿದರೆ ಫಲಿತಾಂಶ ಚೆನ್ನಾಗಿರುತ್ತದೆ, ಅದನ್ನು ಮೀರಿದರೆ ಕೂಡದೇ ಉಳಿಯುವ ಸಾಧ್ಯತೆ ಹಲವು ಪಟ್ಟು ಏರುತ್ತದೆ. ತಡವಾಯಿತೆಂದು ಕೈಬಿಡಬೇಕಿಲ್ಲ, ಮುಂದಿನ ತಿಂಗಳು ನೋಡೋಣ ಎಂದು ತಳ್ಳಲೂಬೇಡಿ.

ಪ್ಲಾಸ್ಟರ್ ಮೊಣಕೈ ಕೆಳಗಿನಿಂದ ಬೆರಳ ಬುಡದವರೆಗೆ. ಹಾಕಿದ ಮೇಲೆ ಅಂಗೈಯಲ್ಲಿ ಬೆರಳ ಬುಡಕ್ಕೆ ಹತ್ತಿರದ ಅಡ್ಡಗೆರೆ ಕಾಣುತ್ತಿರಬೇಕು, ನಾಲ್ಕೂ ಬೆರಳನ್ನು ಪೂರ್ತಿ ಮಡಚಲು ಆಗಬೇಕು. ಗೆರೆ ಮುಚ್ಚಿದ್ದರೆ ಅಲ್ಲೇ ಕತ್ತರಿಸಿ ಸರಿಪಡಿಸಲು ಕೇಳಿ. ಇಲ್ಲದಿದ್ದರೆ ಎರಡು ತಿಂಗಳ ಮೇಲೆ ಮೂಳೆ ಕೂಡಿರುತ್ತದೆ, ಬೆರಳು ಮಡಚಲಾಗದೆ ಕೂತಿರುತ್ತವೆ. ಹೆಬ್ಬೆರಳನ್ನು ಒಳಗೆ ಸೇರಿಸುವುದು ಹಳೆಯ ಅಭ್ಯಾಸ. ಸೇರಿಸದಿದ್ದರೂ ಮೂಳೆ ಅಷ್ಟೇ ಚೆನ್ನಾಗಿ ಕೂಡುತ್ತದೆ ಎಂದು ಹೋಲಿಸಿ ನೋಡಿದ ಅಧ್ಯಯನಗಳು ಹೇಳುತ್ತವೆ, ಆದ್ದರಿಂದ ನಿಮ್ಮ ವೈದ್ಯರು ಬಿಟ್ಟರೆ ಗಾಬರಿ ಬೇಡ. ಮೊದಲ ಎರಡು ಮೂರು ದಿನ ಕೈಯನ್ನು ಎದೆಗಿಂತ ಎತ್ತರದಲ್ಲಿಡಿ. ಬೆರಳು, ಮೊಣಕೈ, ಭುಜ ದಿನಕ್ಕೆ ಹಲವು ಸಲ ಪೂರ್ತಿ ಆಡಿಸಿ. ಬೆರಳು ಊದಿ ನೀಲಿಯಾದರೆ, ಜೋಮು ಹಿಡಿದರೆ, ಮಾತ್ರೆಗೂ ಜಗ್ಗದ ನೋವು ಬಂದರೆ ಬೆಳಗಾಗುವವರೆಗೆ ಕಾಯದೆ ಹೋಗಿ ಪ್ಲಾಸ್ಟರ್ ಸೀಳಿಸಿ. ಬೀಡಿ, ಸಿಗರೇಟು ಸೇದುವವರಾದರೆ ಅಷ್ಟು ದಿನವಾದರೂ ನಿಲ್ಲಿಸಿ. ಮೊದಲೇ ರಕ್ತ ಕಡಿಮೆಯಿರುವ ಮೂಳೆಯಲ್ಲಿ ಅದು ಕೂಡುವುದನ್ನು ಇನ್ನೂ ಕೆಡಿಸುತ್ತದೆ. ಬೈಕು ಓಡಿಸುವ ಮಾತೇ ಇಲ್ಲ, ಆಕ್ಸಿಲರೇಟರೂ ಮುಂದಿನ ಬ್ರೇಕೂ ಇರುವುದು ಅದೇ ಕೈಯಲ್ಲಿ.

ಸ್ಕೇಫಾಯ್ಡ್ ಅಲ್ಲದಿದ್ದರೆ? ರೇಡಿಯಸ್ಸಿನ ಮೊನೆಯಲ್ಲೇ ಬಿರುಕಿರಬಹುದು, ಆಗ ಒತ್ತಿದರೆ ನೋವು ಕುಳಿಗಿಂತ ಮುಂಗೈ ಕಡೆ. ಮಣಿಕಟ್ಟಿನ ಬೆನ್ನಿನ ನಟ್ಟನಡುವೆ ನೋವಿದ್ದು, ಹಿಡಿತ ಸಡಿಲ ಎನ್ನಿಸಿ, ಆಡಿಸಿದಾಗ ಕಟ್ ಎಂದು ಸದ್ದಾದರೆ ಸ್ಕೇಫಾಯ್ಡನ್ನೂ ಲ್ಯೂನೇಟನ್ನೂ ಬಿಗಿದಿಡುವ ಕಟ್ಟುನಾರು ಹರಿದಿರಬಹುದು. ಮುಷ್ಟಿ ಬಿಗಿಹಿಡಿದು ತೆಗೆದ ಎಕ್ಸ್-ರೇಯಲ್ಲಿ ಈ ಎರಡರ ನಡುವಿನ ಸಂದು ಮೂರು ಮಿಲಿಮೀಟರಿಗಿಂತ ಹೆಚ್ಚಿದ್ದರೆ ಆ ಅನುಮಾನ ಗಟ್ಟಿಯಾಗುತ್ತದೆ, ಅದನ್ನೂ ತಿಂಗಳುಗಟ್ಟಲೆ ಬಿಡುವಂತಿಲ್ಲ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಕಿರುಬೆರಳ ಕಡೆ ವಾಲಿಸಿದಾಗ ಮೊನೆಯ ಮೇಲೆ ಉರಿದಂತೆ ನೋಯುವುದು ರಜ್ಜುಗಳ ಒರೆ ಊದಿಕೊಂಡದ್ದು. ಸ್ಪ್ಯಾನರ್ ಹಿಡಿಯುವವರಲ್ಲೂ ಎಳೆಗೂಸು ಎತ್ತುವ ತಾಯಂದಿರಲ್ಲೂ ಅದು ಮಾಮೂಲು, ಆದರೆ ಸಾಮಾನ್ಯವಾಗಿ ಬಿದ್ದು ಬರುವುದಲ್ಲ.

ಕೂಡದ ಸ್ಕೇಫಾಯ್ಡಿನ ಮೋಸವೆಂದರೆ ಕೆಲವು ತಿಂಗಳಲ್ಲಿ ನೋವು ತಾನಾಗಿ ತಗ್ಗುವುದು. ವಾಸಿಯಾಯಿತೆಂದು ಎಷ್ಟೋ ಮಂದಿ ಮರೆತುಬಿಡುತ್ತಾರೆ. ಒಳಗೆ ಎರಡು ತುಂಡುಗಳು ಪ್ರತ್ಯೇಕವಾಗಿ ಅಲುಗಾಡುತ್ತಿರುತ್ತವೆ. ಮೊದಲು ರೇಡಿಯಸ್ಸಿನ ಮೊನೆಗೂ ಸ್ಕೇಫಾಯ್ಡಿಗೂ ನಡುವೆ ಸವೆತ, ಆಮೇಲೆ ಸ್ಕೇಫಾಯ್ಡ್–ಕ್ಯಾಪಿಟೇಟ್ ನಡುವೆ, ಕೊನೆಗೆ ಕ್ಯಾಪಿಟೇಟ್–ಲ್ಯೂನೇಟ್ ನಡುವೆ. ಈ ಕ್ರಮ ಸಾಮಾನ್ಯವಾಗಿ ತಪ್ಪುವುದಿಲ್ಲ. ಸವೆತಕ್ಕೆ ಮುಂಚೆ ಬಂದವರಿಗೆ ಸೊಂಟದ ಮೂಳೆಯಿಂದಲೋ ರೇಡಿಯಸ್ಸಿನಿಂದಲೋ ಚೂರು ಮೂಳೆ ತೆಗೆದು ತುಂಬಿ, ಸ್ಕ್ರೂ ಹಾಕಿ ಕೂಡಿಸುವ ದಾರಿಯಿದೆ. ಸವೆತ ಹರಡಿದ ಮೇಲೆ ಬಂದರೆ ಮೊದಲ ಸಾಲಿನ ಮೂರು ಮೂಳೆಗಳನ್ನೇ ತೆಗೆಯುವುದು, ಇಲ್ಲವೇ ಸ್ಕೇಫಾಯ್ಡ್ ತೆಗೆದು ಮಿಕ್ಕವುಗಳಲ್ಲಿ ನಾಲ್ಕನ್ನು ಬೆಸೆಯುವುದು. ನೋವು ಇಳಿಯುತ್ತದೆ, ಆದರೆ ಮಣಿಕಟ್ಟಿನ ಚಲನೆಯಲ್ಲಿ ಅರ್ಧದಷ್ಟು ಹೋಗುತ್ತದೆ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಕೆಲಸಕ್ಕೆ ಮರಳುವುದಕ್ಕೂ ಲೆಕ್ಕವಿದೆ. ಕೂಡಿದೆಯೇ ಎಂದು ಎಕ್ಸ್-ರೇಯಲ್ಲಿ ಹೇಳುವುದು ಕಷ್ಟ, ಸಿಟಿಯಲ್ಲಿ ಮುರಿತದ ಅಗಲದ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಮೂಳೆ ಸೇತುವೆ ಕಟ್ಟಿದ್ದರೆ ನಿಧಾನಕ್ಕೆ ಭಾರ ಹಾಕಲು ಬಿಡುತ್ತಾರೆ. ಮೊದಲು ಬಿಸಿನೀರಿನಲ್ಲಿ ಮಣಿಕಟ್ಟು ಆಡಿಸುವುದು, ಆಮೇಲೆ ಮೆತ್ತನೆ ಚೆಂಡು ಹಿಚುಕುವುದು, ಆಮೇಲೆ ಹಗುರ ಕೈಕೆಲಸ. ನೀವು ಗ್ಯಾರೇಜಿನವರೆಂದು ವೈದ್ಯರಿಗೆ ಮೊದಲ ಭೇಟಿಯಲ್ಲೇ ಹೇಳಿ, ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ಕೊಡುವ ದಿನಾಂಕ ನಿಮಗೆ ಹೊಂದುವುದಿಲ್ಲ. ಟೈರಿನ ನಟ್ಟು ಬಿಚ್ಚುವುದು, ಸುತ್ತಿಗೆ, ಇಂಪ್ಯಾಕ್ಟ್ ಗನ್ ಇವು ಮೂರನ್ನೂ ಸಿಟಿ ನೋಡಿ ಅವರು ಒಪ್ಪುವವರೆಗೆ ಎಡಗೈಗೋ ಜೊತೆಯ ಹುಡುಗನಿಗೋ ಬಿಡಿ.